ಉಗ್ರಾಣವೂ ಅದರ ಪರೀಕ್ಷಕನೂ

ನನ್ನ ಸೇವಾವಧಿಯ ಬಹುಭಾಗವು ಬೆಂಗಳೂರಿನ ಒಂದು ಸಂಸ್ಥೆಯ ಗಣಕ ವಿಭಾಗದಲ್ಲಿ, ಅದರಲ್ಲಿಯೂ ಹೊರಗಿನವರ ಕಣ್ಣಿಗೆ ಬೀಳದ ಒಂದು ಶೀತಲ ಕೋಣೆಯಲ್ಲಿ, ಅನ್ಯರು ಬರೆದಿಟ್ಟ ಕಡತಗಳನ್ನು ಕಾಯುವುದರಲ್ಲಿಯೇ ಸಂದುಹೋಯಿತೆಂಬ ಸಂಗತಿಯನ್ನು ಕೊಕಟನೂರಿನ ನನ್ನ ನೆರೆಹೊರೆಯವರಿಗೆ ಮನದಟ್ಟಾಗುವಂತೆ ಹೇಳುವ ಪ್ರಯತ್ನವನ್ನು ನಾನು ಈಗ ಬಿಟ್ಟುಬಿಟ್ಟಿರುವೆನು. ಎಲ್ಲಮ್ಮನ ಗುಡಿಯಿಂದಲೂ ಅವಳ ಜಾತ್ರೆಯಿಂದಲೂ ಸುತ್ತಣ ಸೀಮೆಯಲ್ಲೆಲ್ಲ ಹೆಸರಾದ, ಅಥಣಿ ತಾಲೂಕಿನ ಈ ಊರಿನವರಿಗೆ ದೊಡ್ಡ ದವಾಖಾನೆಯೆಂದರೆ ಮೀರಜು, ದೊಡ್ಡ ಪೇಟೆಯೆಂದರೆ ಸಾಂಗಲಿ. ಬೆಂಗಳೂರೆಂಬುದು ಸರಕಾರದ ಕಾಗದಪತ್ರಗಳ ಮೇಲೆ ಮಾತ್ರ ಕಾಣಿಸಿಕೊಳ್ಳುವ ರಾಜಧಾನಿ. "ವೈರಸ್ ಹಿಡೀತಿದ್ರಿ ಅಂದ್ರ ನೀವು ಡಾಕ್ಟರ್ ಏನ್ರಿ?" ಎಂದು ಹಿರಿಯರೊಬ್ಬರು ಕೇಳಿದಾಗ ಅಲ್ಲವೆಂದು ಹೇಳಬೇಕಾಗಿ ಬಂದುದಕ್ಕೆ ನನಗೇ ಕೊಂಚ ಸಂಕೋಚವಾಯಿತು. ವಾಸ್ತವವಾಗಿ ನಾನು ಮಾಡಿದ್ದು ಚಿಕಿತ್ಸೆಯಲ್ಲ, ಪರೀಕ್ಷೆಯೂ ಅಲ್ಲ; ಪರೀಕ್ಷೆ ಮಾಡುವವನನ್ನು ಎಲ್ಲಿ ಕೂರಿಸಬೇಕು, ಅವನು ಇಲ್ಲದ ಹೊತ್ತಿನಲ್ಲಿ ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳನ್ನು ವರ್ಷಾನುಗಟ್ಟಲೆ ಹೊತ್ತುಕೊಂಡು ತಿರುಗಿದ್ದು.

ಪ್ರತಿಯೊಬ್ಬನೂ ತನ್ನ ಕಡತಗಳನ್ನು ತನ್ನ ಮೇಜಿನ ಮೇಲಣ ಗಣಕದಲ್ಲಿಯೇ ಇರಿಸಿಕೊಳ್ಳುತ್ತಿದ್ದ ಕಾಲವೊಂದಿದ್ದಿತು. ಅನಂತರ ಅವನ್ನೆಲ್ಲ ಒಂದೆಡೆ ಕಲೆಹಾಕಿ, ಜಾಲದ ಮೂಲಕ ಬೇಕಾದವರಿಗೆ ಬೇಕಾದಾಗ ಒದಗಿಸುವ ಸರ್ವರುಗಳು ಬಂದವು. ಅವುಗಳ ಬೆನ್ನಿಗೇ, ಕಡತಗಳನ್ನು ಇಟ್ಟುಕೊಳ್ಳುವುದು ಮತ್ತು ಕೊಡುವುದು ಇವೆರಡನ್ನುಳಿದು ಬೇರಾವ ಕೆಲಸವನ್ನೂ ಮಾಡದ, ಮಾಡಲರಿಯದ, ಕಡತಗಳ ಉಗ್ರಾಣವೆನ್ನಬಹುದಾದ ಒಂದು ಜಾತಿಯ ಯಂತ್ರ ಬಂದಿತು. ಈ ಬಗೆಯ ಯಂತ್ರವನ್ನು ಲೋಕಪ್ರಸಿದ್ಧಗೊಳಿಸಿದವರಲ್ಲಿ 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ನೆಟ್‌ವರ್ಕ್ ಅಪ್ಲಯನ್ಸ್ ಕಂಪನಿಯವರು ಪ್ರಮುಖರು. ಮುಂದೆ ಅವರು ತಮ್ಮ ಹೆಸರನ್ನು ನೆಟ್‌ಆ್ಯಪ್ ಎಂದು ಹ್ರಸ್ವಗೊಳಿಸಿಕೊಂಡು ನಮ್ಮ ಬೆಂಗಳೂರಿನಲ್ಲಿಯೂ ದೊಡ್ಡದೊಂದು ಕೇಂದ್ರವನ್ನು ಕಟ್ಟಿದರು. ಇ.ಎಂ.ಸಿ. ಕಂಪನಿಯ ಸೆಲೆರಾ ಎಂಬುದು ಅವರ ಯಂತ್ರಕ್ಕೆ ಪ್ರತಿಸ್ಪರ್ಧಿಯಾಗಿದ್ದಿತು. ನಮ್ಮ ಸಂಸ್ಥೆಯವರು ಕೊಂಡದ್ದು ಯಾರ ಯಂತ್ರವೆಂಬುದು ಇಲ್ಲಿ ಅಪ್ರಸ್ತುತ. ಎಲ್ಲವುಗಳ ಸ್ವಭಾವವೂ ಒಂದೇ. ಆ ಯಂತ್ರದ ಒಳಗೆ ಓಡುತ್ತಿದ್ದುದು ವಿಂಡೋಸ್ ಅಲ್ಲ, ತಯಾರಕರು ಆ ಏಕಮಾತ್ರ ಕಾರ್ಯಕ್ಕಾಗಿಯೇ ರಚಿಸಿದ ಕಾರ್ಯಾಚರಣ ವ್ಯವಸ್ಥೆ. ಆದಕಾರಣ ವಿಂಡೋಸಿಗೆಂದು ಹುಟ್ಟಿದ ವೈರಸ್ಸು ಅದರಲ್ಲಿ ಕುಳಿತಿರಬಲ್ಲದೇ ಹೊರತು ಎದ್ದು ಓಡಾಡಲಾರದು. ಮಾರಾಟಕ್ಕೆ ಬಂದವರು ಈ ಗುಣವನ್ನು ಬಹಳವಾಗಿ ಕೀರ್ತಿಸಿದರು. ಅನ್ಯರ ತಂತ್ರಾಂಶಕ್ಕೆ ಅದರೊಳಗೆ ಪ್ರವೇಶವಿಲ್ಲವಾದುದರಿಂದ ಆಂಟಿವೈರಸ್ಸಿಗೂ ಪ್ರವೇಶವಿಲ್ಲವೆಂಬ ಮಾತನ್ನು ಅವರು ಅಷ್ಟು ಗಟ್ಟಿಯಾದ ಧ್ವನಿಯಲ್ಲಿ ಹೇಳಲಿಲ್ಲ.

ಅದರ ಅರ್ಥ ನಮಗೆ ತಿಳಿದದ್ದು 2001ನೆಯ ಇಸವಿಯ ಸೆಪ್ಟೆಂಬರಿನಲ್ಲಿ. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಸರಿಯಾಗಿ ಒಂದು ವಾರ ಕಳೆದಿದ್ದಿತು. ಲೋಕದ ಗಮನವೆಲ್ಲ ಅತ್ತ ಇದ್ದಾಗ, 18ನೆಯ ತಾರೀಖಿನಂದು, ನಿಮ್ಡಾ ಎಂಬ ವೈರಸ್ಸು ಹೊರಬಿದ್ದು ಕೆಲವೇ ಗಂಟೆಗಳಲ್ಲಿ ಭೂಮಂಡಲವನ್ನು ಸುತ್ತಿತು. ಅದಕ್ಕೆ ಹಿಂದೆ ಬಂದ ಮೆಲಿಸ್ಸಾ, ಐಲವ್‌ಯೂ ಮೊದಲಾದವು ಮುಖ್ಯವಾಗಿ ಇಮೇಲನ್ನೇ ನಂಬಿಕೊಂಡು ಬದುಕಿದಂಥವು. ನಿಮ್ಡಾ ಆದರೋ ಇಮೇಲ್, ವೆಬ್ ಸರ್ವರ್, ಜಾಲದಲ್ಲಿ ಹಂಚಿಕೊಂಡ ಫೋಲ್ಡರು, ಹೀಗೆ ಸಿಕ್ಕ ಸಿಕ್ಕ ದಾರಿಯನ್ನೆಲ್ಲ ಹಿಡಿಯಿತು. ಮರುದಿನ ಮುಂಜಾನೆ ನಾನು ನಮ್ಮ ಉಗ್ರಾಣವನ್ನು ತೆರೆದು ನೋಡಿದೆ. ಲೆಕ್ಕಪತ್ರಗಳ ಫೋಲ್ಡರಿನಲ್ಲಿ, ನಕಾಶೆಗಳ ಫೋಲ್ಡರಿನಲ್ಲಿ, ಯಾರೋ ಒಬ್ಬರು ತಮ್ಮ ಮಗಳ ನಾಮಕರಣದ ಚಿತ್ರಗಳನ್ನು ಇಟ್ಟಿದ್ದ ಫೋಲ್ಡರಿನಲ್ಲಿಯೂ ಸಹ, ರೀಡ್‌ಮಿ.ಇಎಂಎಲ್ ಎಂಬ ಹೆಸರಿನ ಒಂದೊಂದು ಕಡತ ಕುಳಿತಿದ್ದಿತು. ವರ್ಡ್ ದಸ್ತಾವೇಜುಗಳು ಇದ್ದೆಡೆಯಲ್ಲೆಲ್ಲ ರಿಚ್‌ಎಡ್20.ಡಿಎಲ್ಎಲ್ ಎಂಬ ಇನ್ನೊಂದು ಕಡತ ಮರೆಯಾಗಿ ಅಡಗಿದ್ದಿತು. ಪಕ್ಕದ ದಸ್ತಾವೇಜನ್ನು ಯಾರಾದರೂ ತೆರೆದರೆ ವರ್ಡ್ ತನಗೆ ಬೇಕಾದ ಅದೇ ಹೆಸರಿನ ನಿಜವಾದ ಭಾಗಕ್ಕೆ ಬದಲಾಗಿ ಇದನ್ನು ಎತ್ತಿಕೊಂಡು, ತೆರೆದವನ ಗಣಕವೂ ಹಾಳಾಗುವಂತಹ ಉಪಾಯವದು. ಕೋಣೆಯಲ್ಲಿದ್ದ ಯಂತ್ರಕ್ಕೆ ಇದರಿಂದ ಏನೇನೂ ಆಗಿರಲಿಲ್ಲ. ಅದರ ಹಸುರು ದೀಪಗಳು ಎಂದಿನಂತೆ ಮಿನುಗುತ್ತಿದ್ದವು. ಕೇಳಿದವರಿಗೆಲ್ಲ ಕೇಳಿದ್ದನ್ನು, ಅಂದರೆ ವಿಷವನ್ನು, ಅದು ಅತ್ಯಂತ ದಕ್ಷತೆಯಿಂದ ಎತ್ತಿ ಎತ್ತಿ ಕೊಡುತ್ತಿದ್ದಿತು.

ಆವರೆಗೆ ನಮ್ಮಲ್ಲಿ ಬಳಕೆಯಲ್ಲಿದ್ದ ಪದ್ಧತಿಯೆಂದರೆ, ಉಗ್ರಾಣದ ಫೋಲ್ಡರನ್ನು ಒಂದು ಗಣಕಕ್ಕೆ ಡ್ರೈವಿನಂತೆ ಜೋಡಿಸಿ, ರಾತ್ರಿ ಆಂಟಿವೈರಸ್ಸನ್ನು ಅದರ ಮೇಲೆ ಹರಿಯಬಿಟ್ಟು, ಮುಂಜಾನೆ ಬಂದು ವರದಿಯನ್ನು ಓದುವುದು. ಆಗಿನ ನೂರು ಮೆಗಾಬಿಟ್ಟಿನ ಜಾಲದಲ್ಲಿ, ಯಾವ ಅಡೆತಡೆಯೂ ಇಲ್ಲದೆ ತಂತಿಯು ತುಂಬಿ ಹರಿದರೂ, ಒಂದು ಟೆರಾಬೈಟನ್ನು ಓದಿ ಮುಗಿಸುವುದಕ್ಕೆ 22 ಗಂಟೆಗಳು ಬೇಕು. ರಾತ್ರಿಯಾದರೋ ಅಷ್ಟು ದೀರ್ಘವಲ್ಲ. ಮುಂಜಾನೆ ಹತ್ತಕ್ಕೆ ಬಂದು ಸೇರಿದ ವೈರಸ್ಸನ್ನು ಹತ್ತೂ ಐದಕ್ಕೆ ಇನ್ನೊಬ್ಬನು ತೆರೆದರೆ ರಾತ್ರಿಯ ಪರೀಕ್ಷೆಯಿಂದ ಅವನಿಗೆ ಬಂದ ಪ್ರಯೋಜನವಾದರೂ ಏನು? ಪ್ರತಿ ಮೇಜಿನ ಗಣಕದಲ್ಲಿಯೂ ಆಂಟಿವೈರಸ್ಸು ಇದೆಯಲ್ಲ, ಅದೇ ನೋಡಿಕೊಳ್ಳಲಿ ಎಂಬವರೂ ಇದ್ದರು. ಆದರೆ ಒಂದೇ ಕಡತವನ್ನು ನೂರು ಮಂದಿ ನೂರು ಸಲ ಪರೀಕ್ಷಿಸುವುದು ಒಂದು ದುಂದು. ಆ ನೂರರಲ್ಲಿ ಒಂದು ಗಣಕದ ಆಂಟಿವೈರಸ್ಸು ಆರು ತಿಂಗಳಿನಿಂದ ನವೀಕರಣಗೊಳ್ಳದೆ ನಿದ್ರಿಸುತ್ತಿದ್ದರೆ ಉಳಿದ ತೊಂಬತ್ತೊಂಬತ್ತರ ಎಚ್ಚರವೂ ವ್ಯರ್ಥ. ಅಂತಹ ಒಂದು ಗಣಕವು ಯಾವ ಕಚೇರಿಯಲ್ಲಿಯೂ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದು ಅತ್ಯುಚ್ಚ ಅಧಿಕಾರಿಯ ಮೇಜಿನ ಮೇಲೆಯೇ ಇರುತ್ತದೆಂಬುದು ನನ್ನ ಅನುಭವ.

ಪರಿಹಾರವು ತಯಾರಕರಿಂದಲೇ ಬಂದಿತು. ಪರೀಕ್ಷಕನು, ಎಂದರೆ ಆಂಟಿವೈರಸ್ಸು, ಉಗ್ರಾಣದೊಳಗೆ ಬರಲಾರನಾದರೆ ಪಕ್ಕದಲ್ಲಿಯೇ ಅವನಿಗೊಂದು ಪ್ರತ್ಯೇಕ ಸರ್ವರನ್ನು ಕಟ್ಟಿಕೊಡುವುದು. ಯಾರಾದರೂ ಒಂದು ಕಡತವನ್ನು ಕೇಳಿದ ಕೂಡಲೆ, ಅಥವಾ ಬರೆದು ಮುಚ್ಚಿದ ಕೂಡಲೆ, ಉಗ್ರಾಣವು ಕೇಳಿದವನನ್ನು ಕ್ಷಣಕಾಲ ತಡೆದು ನಿಲ್ಲಿಸಿ, ಇಂಥ ಕಡತವನ್ನು ನೋಡು ಎಂದು ಪರೀಕ್ಷಕನಿಗೆ ತಿಳಿಸುವುದು. ಅವನು ನೋಡಿ, ಶುದ್ಧವೆಂದೋ ಅಶುದ್ಧವೆಂದೋ ಉತ್ತರ ಕಳುಹಿಸಿದ ಮೇಲೆ ಬಾಗಿಲು ತೆರೆಯುವುದು. ಕೆಲವು ಯಂತ್ರಗಳಲ್ಲಿ ಪರೀಕ್ಷಕನೇ ಜಾಲದ ಮೂಲಕ ಬಂದು ಕಡತವನ್ನು ಓದುತ್ತಿದ್ದನು. ಇನ್ನು ಕೆಲವುಗಳಲ್ಲಿ ಉಗ್ರಾಣವೇ ಕಡತದಲ್ಲಿರುವುದನ್ನು ಅವನಲ್ಲಿಗೆ ರವಾನಿಸುತ್ತಿದ್ದಿತು. ಈ ಎರಡನೆಯ ಪದ್ಧತಿಗೆ ಐಕ್ಯಾಪ್ ಎಂಬ ಸರ್ವಸಮ್ಮತ ಭಾಷೆಯೊಂದು ರೂಪುಗೊಂಡು, 2003ರಲ್ಲಿ ಅದರ ನಿಯಮಾವಳಿಯು 3507ನೆಯ ಆರ್‌ಎಫ್‌ಸಿ ಎಂಬ ಅಂತರಜಾಲ ದಸ್ತಾವೇಜಾಗಿ ಪ್ರಕಟವಾಯಿತು. ಅದು ಸಾಮಾನ್ಯವಾಗಿ ಉಪಯೋಗಿಸುವ ದ್ವಾರದ (ಪೋರ್ಟ್) ಸಂಖ್ಯೆ 1344. ಒಮ್ಮೆ ಶುದ್ಧವೆಂದು ತೀರ್ಮಾನವಾದ ಕಡತವನ್ನು ಉಗ್ರಾಣವು ನೆನಪಿಟ್ಟುಕೊಳ್ಳುತ್ತದೆ; ಅದು ಬದಲಾಗುವತನಕ ಮತ್ತೆ ಪರೀಕ್ಷಕನಿಗೆ ತೊಂದರೆ ಕೊಡುವುದಿಲ್ಲ. ಆದರೆ ಹೊಸ ವೈರಸ್ಸುಗಳ ಲಕ್ಷಣಪಟ್ಟಿ ಬಂದಾಗ ಹಿಂದಿನ ತೀರ್ಪುಗಳೆಲ್ಲ ರದ್ದಾಗುತ್ತವೆ, ಏಕೆಂದರೆ ನಿನ್ನೆ ಶುದ್ಧವಾಗಿ ಕಂಡದ್ದು ಇಂದಿನ ಜ್ಞಾನದ ಬೆಳಕಿನಲ್ಲಿ ಅಶುದ್ಧವಾಗಿ ಕಾಣಬಹುದು. ಸೋಮವಾರ ಮುಂಜಾನೆ ಹೊಸ ಪಟ್ಟಿ ಬಂದು, ಅದೇ ಹೊತ್ತಿಗೆ ಸಾವಿರಾರು ಮಂದಿ ಕೆಲಸಕ್ಕೆ ಬಂದು ಕುಳಿತು ತಮ್ಮ ತಮ್ಮ ಕಡತಗಳನ್ನು ಏಕಕಾಲಕ್ಕೆ ಕೇಳತೊಡಗಿದಾಗ ನಮ್ಮ ಕೋಣೆಯ ದೂರವಾಣಿಗೆ ವಿಶ್ರಾಂತಿಯಿರಲಿಲ್ಲ.

ಈ ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೆ ನಿಜವಾದ ವೈರಸ್ಸನ್ನು ಯಾರೂ ಒಳಬಿಡುವುದಿಲ್ಲ. ಅದಕ್ಕೆಂದೇ ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿರುವ 68 ಅಕ್ಷರಗಳ ಒಂದು ನಿರಪಾಯಕರ ಸಾಲುಂಟು. ಅದನ್ನು ವೈರಸ್ಸೆಂದೇ ಪರಿಗಣಿಸಬೇಕೆಂದು ಬಹುತೇಕ ಎಲ್ಲ ಆಂಟಿವೈರಸ್ ತಯಾರಕರೂ ಒಪ್ಪಿಕೊಂಡಿದ್ದಾರೆ. ವ್ಯವಸ್ಥೆಯನ್ನು ಜೋಡಿಸಿ ಮುಗಿಸಿದ ಸಾಯಂಕಾಲ ನಾನು ನೋಟ್‌ಪ್ಯಾಡಿನಲ್ಲಿ ಆ ಸಾಲನ್ನು ಬರೆದು, ಉಗ್ರಾಣದಲ್ಲಿ ಉಳಿಸಿ, ಫೋಲ್ಡರನ್ನು ಮತ್ತೆ ತೆರೆದು ನೋಡಿದೆ. ಕಡತದ ಹೆಸರು ಅರೆಕ್ಷಣ ಅಲ್ಲಿದ್ದಿತು, ಆಮೇಲೆ ಇರಲಿಲ್ಲ. ಪಕ್ಕದ ಪರದೆಯಲ್ಲಿ ಪರೀಕ್ಷಕನ ದಿನಚರಿಗೆ ಒಂದು ಸಾಲು ಸೇರಿಕೊಂಡಿದ್ದಿತು: ದಿನಾಂಕ, ಗಂಟೆ, ನನ್ನ ಹೆಸರು, ಕಡತದ ಹೆಸರು, ಪ್ರತ್ಯೇಕಿಸಲಾಗಿದೆ. ಒಬ್ಬ ಸಿವಿಲ್ ಎಂಜಿನಿಯರು ತಾನು ಕಟ್ಟಿದ ಸೇತುವೆಯ ಮೇಲೆ ಮೊದಲನೆಯ ಲಾರಿ ಹಾಯ್ದುದನ್ನು ನೋಡಿ ಪಡುವ ಸಂತೋಷದಲ್ಲಿ ಎಷ್ಟು ಪಾಲು ನನಗೆ ಅಂದು ಸಿಕ್ಕಿತೋ ಹೇಳಲಾರೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಅದನ್ನು ವರ್ಣಿಸಿದೆನೆಂಬುದು ಮಾತ್ರ ನಿಜ.

ಇನ್ನು ಯಾವ ಕಡತಗಳನ್ನು ಪರೀಕ್ಷೆಗೆ ಕಳುಹಿಸಬೇಕು? ತಯಾರಕರು ಹೆಸರಿನ ಕೊನೆಯ ಅಕ್ಷರಗಳನ್ನು ಅನುಸರಿಸಿ ಒಂದು ಪಟ್ಟಿಯನ್ನು ಕೊಟ್ಟಿದ್ದರು: ಇಎಕ್ಸ್ಇ, ಡಿಒಸಿ, ಎಕ್ಸ್ಎಲ್ಎಸ್ ಇತ್ಯಾದಿ. ಪಟ್ಟಿಯಲ್ಲಿ ಇದ್ದವುಗಳನ್ನು ಮಾತ್ರ ನೋಡಿದರೆ ವೇಗ ಹೆಚ್ಚು. ಇಂಥವುಗಳನ್ನು ಬಿಟ್ಟು ಮಿಕ್ಕುದೆಲ್ಲವನ್ನೂ ನೋಡು ಎಂದು ವಿಧಿಸಿದರೆ ವೇಗ ಕಡಮೆ. ನಾನು ಎರಡನೆಯ ಪಕ್ಷದವನು. ವೈರಸ್ಸನ್ನು ಬರೆಯುವವನೂ ಆ ಪಟ್ಟಿಯನ್ನು ಓದಿರುತ್ತಾನೆಂಬುದು ನನ್ನ ವಾದ. 2008ರ ಕೊನೆಯಲ್ಲಿ ಕಾನ್‌ಫಿಕರ್ ಬಂದು ಪೆನ್‌ಡ್ರೈವುಗಳ ಮೂಲಕವೂ ಹಂಚಿದ ಫೋಲ್ಡರುಗಳ ಮೂಲಕವೂ ಹರಡತೊಡಗಿದಾಗ, ಅದು ರಿಸೈಕ್ಲರ್ ಎಂಬ ಫೋಲ್ಡರಿನ ಆಳದಲ್ಲಿ ತನ್ನನ್ನು ತಾನು ಬಚ್ಚಿಟ್ಟುಕೊಂಡ ಕಡತದ ಹೆಸರು ವಿಎಂಎಕ್ಸ್ ಎಂದು ಕೊನೆಗೊಳ್ಳುತ್ತಿದ್ದಿತು. ನಮಗೆ ಕೊಟ್ಟಿದ್ದ ಪಟ್ಟಿಯು ಅದನ್ನು ಅಪಾಯಕಾರಿಯೆಂದು ಎಣಿಸಿರಲಿಲ್ಲ. ಆ ದಿನ ನಮ್ಮ ವಿಭಾಗದಲ್ಲಿ ನನ್ನ ಮಾತಿಗೆ ಬಂದ ಬೆಲೆ ಒಂದು ತಿಂಗಳವರೆಗಾದರೂ ಉಳಿಯಿತು. ಪ್ರಸಂಗವಶಾತ್ ಇನ್ನೊಂದು ಮಾತು: ಎಲ್ಲವನ್ನೂ ಬಿಚ್ಚಿ ನೋಡುತ್ತೇನೆಂಬ ಹಠವೂ ಒಳ್ಳೆಯದಲ್ಲ. 42 ಕಿಲೋಬೈಟಿನಷ್ಟು ಪುಟ್ಟ ಒಂದು ಜಿಪ್ ಕಡತವುಂಟು. ಪದರದೊಳಗೆ ಪದರವಾಗಿ ಕಟ್ಟಿದ ಅದನ್ನು ಪೂರ್ಣವಾಗಿ ಬಿಚ್ಚಿದರೆ ನಾಲ್ಕೂವರೆ ಪೆಟಾಬೈಟುಗಳಾಗಿ ಉಬ್ಬುತ್ತದೆ. ಎಷ್ಟು ಪದರಗಳವರೆಗೆ ಬಿಚ್ಚಬೇಕೆಂದು ಪರೀಕ್ಷಕನಿಗೆ ಮೊದಲೇ ಹೇಳಿಡದಿದ್ದರೆ ಅವನು ಅದರಲ್ಲಿಯೇ ಮುಳುಗಿಹೋಗುತ್ತಾನೆ.

ಇವೆಲ್ಲ ಯಂತ್ರದ ಸಂಗತಿಗಳು, ಓದಿದರೆ ತಿಳಿಯುತ್ತವೆ. ಓದಿದರೂ ತಿಳಿಯದಿದ್ದ ಒಂದು ಗುಂಡಿ ಆ ವ್ಯವಸ್ಥೆಯಲ್ಲಿದ್ದಿತು. ಪರೀಕ್ಷಕನ ಸರ್ವರು ಕೆಟ್ಟುಹೋಯಿತೆನ್ನಿ, ಅಥವಾ ಜಾಲದಲ್ಲಿ ಅವನನ್ನು ತಲುಪುವ ದಾರಿಯೇ ಕಡಿದುಹೋಯಿತೆನ್ನಿ. ಆಗ ಕಡತವನ್ನು ಕೇಳಿ ಬಂದವನಿಗೆ ಉಗ್ರಾಣವು ಏನು ಹೇಳಬೇಕು? ಪರೀಕ್ಷೆಯಾಗದ್ದನ್ನು ಕೊಡೆನೆಂದು ಬಾಗಿಲು ಹಾಕಬೇಕೇ, ಇರಲಿ ಬಾ ಎಂದು ತೆರೆದು ಕೊಡಬೇಕೇ? ಇದನ್ನು ನಿರ್ಧರಿಸುವುದು ಪರೀಕ್ಷೆ ಕಡ್ಡಾಯವೋ ಅಲ್ಲವೋ ಎಂಬ ಒಂದೇ ಒಂದು ಗುರುತು. ಹಾಕುವುದಕ್ಕೂ ತೆಗೆಯುವುದಕ್ಕೂ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದ ವಿಷಯವಾಗಿ ನಾವು ನಡೆಸಿದ ಸಭೆಗಳನ್ನು ನೆನೆದರೆ ಇಂದಿಗೂ ನನಗೆ ಆಯಾಸವಾಗುತ್ತದೆ.

ನಾನು ಮುಚ್ಚಬೇಕೆಂಬ ಪಕ್ಷದವನಾಗಿದ್ದೆನು. ತಥಾಪಿ ಎದುರುಪಕ್ಷದ ನೋವು ನನಗೆ ತಿಳಿಯದೇ ಇರಲಿಲ್ಲ, ಏಕೆಂದರೆ ನಾನು ಕಬ್ಬಿನ ಸೀಮೆಯಿಂದ ಬಂದವನು. ಸಕ್ಕರೆ ಕಾರ್ಖಾನೆಯ ಅಂಗಳದ ಒಳಗೆ ಯಾವ ಗಾಡಿಯೂ ಕಾಟಾದ ಮೇಲೆ ನಿಂತು ತೂಕವಾಗದೆ ಹೋಗುವಂತಿಲ್ಲ. ಕಾಟಾ ಇರುವುದು ದ್ವಾರದ ಬಳಿಯಲ್ಲಿ, ಕಬ್ಬನ್ನು ಅರೆಯುವ ಗಾಣದಿಂದ ಬೇರೆಯಾಗಿ, ಅದಕ್ಕೊಬ್ಬ ಬೇರೆಯೇ ಗುಮಾಸ್ತ. ನಾನು ಹುಡುಗನಾಗಿದ್ದಾಗ ತಂದೆಯವರ ಜೊತೆಯಲ್ಲಿ ಗಾಡಿಯ ಮೇಲೆ ಹೋಗಿದ್ದ ಒಂದು ರಾತ್ರಿ ಆ ಕಾಟಾ ಕೆಟ್ಟುನಿಂತಿತು. "ಕಾಟಾ ಬಂದ್ ಐತಿ, ಗಾಡಿ ಸಾಲಿಗೆ ಹಚ್ಚರಿ" ಎಂದು ಕೂಗಿಕೊಂಡು ಹೋದ ಕಾವಲುಗಾರನಿಗೆ ಅದರಿಂದ ಯಾವ ನಷ್ಟವೂ ಇರಲಿಲ್ಲ. ಸಾಲಿನಲ್ಲಿ ನಿಂತ ರೈತನಿಗಿದ್ದಿತು. ಕಡಿದ ಕಬ್ಬು ಗಂಟೆ ಗಂಟೆಗೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಮರುದಿನ ಏರುಹೊತ್ತಿನಲ್ಲಿ ಕಾಟಾ ಸರಿಹೋಗಿ ನಮ್ಮ ಸರದಿ ಬಂದಾಗ, ನ್ಯಾಯವಾಗಿಯೇ ತೂಗಿದರೂ, ನಮ್ಮ ಗಾಡಿಯಲ್ಲಿ ಹಿಂದಿನ ರಾತ್ರಿ ಇದ್ದಷ್ಟು ಕಬ್ಬು ಇರಲಿಲ್ಲ. ತಂದೆಯವರು ಯಾರನ್ನೂ ಬೈಯಲಿಲ್ಲ. ಎತ್ತುಗಳಿಗೆ ಮೇವು ಸಾಲದೆಂದು ಮಾತ್ರ ಅಂದರು. ಬಾಗಿಲು ಹಾಕೆಂದು ನಾನು ಸಭೆಯಲ್ಲಿ ವಾದಿಸುವಾಗ, ಹಾಕಿದ ಬಾಗಿಲಿನ ವೆಚ್ಚವನ್ನು ತೆರುವವನು ಹಾಕುವವನಲ್ಲವೆಂಬುದು ನನಗೆ ಈ ಕಾರಣದಿಂದ ಚೆನ್ನಾಗಿ ಗೊತ್ತಿದ್ದಿತು. ಗೊತ್ತಿದ್ದೂ ವಾದಿಸಿದೆನು. ಕಾರ್ಖಾನೆಯ ಒಳಗೆ ಹೋದ ಒಂದು ಗಾಡಿಯ ಕಬ್ಬು ಉಳಿದ ಗಾಡಿಗಳ ಕಬ್ಬನ್ನು ಕೊಳೆಯಿಸುವುದಿಲ್ಲ. ಉಗ್ರಾಣಕ್ಕೆ ಹೋದ ಒಂದು ಕಡತವು ಆ ಕೆಲಸವನ್ನು ಮಾಡಬಲ್ಲದು.

ನಿರ್ಣಯವು ನನ್ನ ಪಕ್ಷಕ್ಕೆ ಆಯಿತು. ಇಬ್ಬರು ಪರೀಕ್ಷಕರನ್ನು ನೇಮಿಸುವುದು, ಒಬ್ಬನು ಇಲ್ಲದಾಗ ಇನ್ನೊಬ್ಬನು ನೋಡುವುದು, ಇಬ್ಬರೂ ಇಲ್ಲದಾಗ ಬಾಗಿಲು ಹಾಕುವುದು. ಕೆಲವು ವರ್ಷಗಳ ಕಾಲ ಇಬ್ಬರೂ ಇಲ್ಲದ ಹೊತ್ತು ಬರಲಿಲ್ಲ. ಬಂದದ್ದು ಮಾರ್ಚ್ 31ರಂದು. ಒಂದು ಸರ್ವರನ್ನು ದುರಸ್ತಿಗೆಂದು ಇಳಿಸಿದ್ದೆವು; ಇನ್ನೊಂದು, ತನ್ನ ಮೇಲೆ ಬಿದ್ದ ಇಮ್ಮಡಿ ಭಾರಕ್ಕೋ ಏನೋ, ಮಧ್ಯಾಹ್ನದ ಊಟದ ಹೊತ್ತಿಗೆ ಮಾತನ್ನೇ ನಿಲ್ಲಿಸಿತು. ವರ್ಷಾಂತ್ಯದ ಲೆಕ್ಕವನ್ನು ಮುಗಿಸುತ್ತಿದ್ದ ಇಡೀ ಲೆಕ್ಕಪತ್ರ ವಿಭಾಗದವರ ಪರದೆಗಳ ಮೇಲೆ ಪ್ರವೇಶವಿಲ್ಲವೆಂಬ ಸಂದೇಶ ಏಕಕಾಲಕ್ಕೆ ಮೂಡಿತು. ಮೇಲಧಿಕಾರಿಯೊಬ್ಬರು ಕೋಣೆಗೇ ಇಳಿದು ಬಂದರು. ಆ ಕೋಣೆ ಎಲ್ಲಿದೆಯೆಂಬುದು ಅವರಿಗೆ ತಿಳಿದಿದ್ದುದೇ ನನಗೆ ಆಶ್ಚರ್ಯವಾಯಿತು. ಗುರುತನ್ನು ತೆಗೆಯಿರೆಂದು ಅವರು ಲಿಖಿತವಾಗಿ ಆಜ್ಞಾಪಿಸಿದರು, ನಾನು ತೆಗೆದೆನು. ಸಾಯಂಕಾಲದವರೆಗೆ ಉಗ್ರಾಣವು ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ತೆಗೆದುಕೊಂಡಿತು, ಎಲ್ಲವನ್ನೂ ಕೊಟ್ಟಿತು. ರಾತ್ರಿ ಪರೀಕ್ಷಕರು ಇಬ್ಬರೂ ಮರಳಿದ ಮೇಲೆ, ಆ ಅವಧಿಯಲ್ಲಿ ಬಂದ ಮತ್ತು ಬದಲಾದ ಕಡತಗಳನ್ನೆಲ್ಲ ಹುಡುಕಿ ತೆಗೆಯಿಸಿ ಪರೀಕ್ಷೆಗೆ ಒಡ್ಡಿ, ಬೆಳಗಿನ ಜಾವದವರೆಗೆ ಕಾದೆನು. ಏನೂ ಸಿಕ್ಕಲಿಲ್ಲ. ಒಂದೇ ಒಂದು ಹಳೆಯ ಮ್ಯಾಕ್ರೋ ವೈರಸ್ಸಾದರೂ ಸಿಕ್ಕಿದ್ದರೆ ನನ್ನ ವಾದವು ಶಾಶ್ವತವಾಗಿ ನಿಲ್ಲುತ್ತಿದ್ದಿತು. ಮುಂದಿನ ಸಭೆಯಲ್ಲಿ ಆ ಮಧ್ಯಾಹ್ನವೇ ಸಾಕ್ಷಿಯಾಯಿತು. ನೋಡಿರಿ, ಬಾಗಿಲು ತೆರೆದಿಟ್ಟಿದ್ದೆವು, ಆಕಾಶವೇನೂ ಕಳಚಿ ಬೀಳಲಿಲ್ಲ ಎಂದರು ಎದುರುಪಕ್ಷದವರು. ಲಕ್ಷ ರೂಪಾಯಿ ವೆಚ್ಚದ ಎಚ್ಚರಿಕೆಯನ್ನು ಒಂದು ಮಧ್ಯಾಹ್ನದ ಅದೃಷ್ಟವು ಸೋಲಿಸಿಬಿಡಬಲ್ಲದು. ಗುರುತು ಮತ್ತೆ ಹಾಕಲ್ಪಟ್ಟಿತಾದರೂ, ತೆಗೆಯುವ ಅಧಿಕಾರವನ್ನು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೂ ಕೊಡಲಾಯಿತು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಈ ವಾದವು ಬೇರೊಂದು ದಿಕ್ಕಿನಿಂದ ಹಳೆಯದಾಗಿ ಹೋಯಿತು. 2017ರ ಮೇ 12ರಂದು ವಾನಾಕ್ರೈ ಎದ್ದಾಗ ನಾವು ಗಾಬರಿಯಿಂದ ಗಮನಿಸಿದ್ದು ಇದು: ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸಿ ಹಣ ಕೇಳುವ ಈ ಜಾತಿಯ ವೈರಸ್ಸು ಓಡುವುದು ಮೇಜಿನ ಗಣಕದಲ್ಲಿ; ಅಲ್ಲಿಂದಲೇ ಉಗ್ರಾಣದ ಕಡತಗಳನ್ನು ಒಂದೊಂದಾಗಿ ತೆರೆದು, ಕೆಡಿಸಿ, ಮರಳಿ ಬರೆಯುತ್ತದೆ. ಹಾಗೆ ಮರಳಿ ಬರೆದ ಕಡತದಲ್ಲಿ ವೈರಸ್ಸು ಇರುವುದಿಲ್ಲ. ಇರುವುದು ಅರ್ಥಹೀನ ಅಕ್ಷರರಾಶಿ. ಪರೀಕ್ಷಕನು ಅದನ್ನು ನೋಡಿ ಶುದ್ಧವೆಂದು ಉತ್ತರಿಸುತ್ತಾನೆ, ಅವನ ಉತ್ತರದಲ್ಲಿ ಸುಳ್ಳೂ ಇಲ್ಲ. ಅಂತಹ ಸಂದರ್ಭದಲ್ಲಿ ಕಾಯುವಂಥದು ಸ್ನ್ಯಾಪ್‌ಶಾಟ್, ಅಂದರೆ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಉಗ್ರಾಣವು ತನ್ನ ಸ್ಥಿತಿಯನ್ನು ಇದ್ದಂತೆಯೇ ಹಿಡಿದಿಡುವ, ಯಾರೂ ಮೇಲೆ ಬರೆಯಲಾಗದ ಪ್ರತಿರೂಪ. ಹಿಂದೆ ಇದೇ ಸ್ನ್ಯಾಪ್‌ಶಾಟನ್ನು ನಾನು ಶಪಿಸಿದ್ದುಂಟು. ಅದರಲ್ಲಿ ಸೇರಿಕೊಂಡ ವೈರಸ್ಸನ್ನು ಅಳಿಸುವುದಕ್ಕೂ ಆಗುತ್ತಿರಲಿಲ್ಲವಲ್ಲ! ಉಗ್ರಾಣಕ್ಕೆ ರೋಗ ತಗುಲದೆಂಬ ಹಳೆಯ ಭರವಸೆಯೂ ಉಳಿಯಲಿಲ್ಲ. 2014ರಲ್ಲಿ ಸಿನೋಲಾಕರ್, 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬವು ಮನೆಗಳಲ್ಲಿಯೂ ಸಣ್ಣ ಅಂಗಡಿಗಳಲ್ಲಿಯೂ ಇರುವ ಪುಟ್ಟ ಉಗ್ರಾಣಯಂತ್ರಗಳನ್ನೇ ನೇರವಾಗಿ ಹಿಡಿದವು; ಕ್ಯೂಲಾಕರ್ ಆದರೋ ಯಾವ ಹೊಸ ಆಯುಧವನ್ನೂ ತರದೆ, 7-ಜಿಪ್ ಎಂಬ ಸಾಧುತಂತ್ರಾಂಶದಿಂದಲೇ ಕಡತಗಳನ್ನು ಗಂಟುಕಟ್ಟಿ ಗುಪ್ತಪದ ಹಾಕಿತು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಈ ಉಪದ್ರವಗಳೆಲ್ಲ ಬೆಂಗಳೂರಿನಲ್ಲಿಯೇ ಉಳಿದವೆಂದು ನಂಬಿದ್ದೆನು. ಆದರೆ ಅಥಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ತಂಗಿಯ ಮಗನ ಬಳಿ ಇರುವಷ್ಟು ಕಡತಗಳು 2001ರಲ್ಲಿ ನಮ್ಮ ಸಂಸ್ಥೆಯ ಬಳಿಯೂ ಇರಲಿಲ್ಲ. ಒಂದು ಲಗ್ನಕ್ಕೆ ಇಬ್ಬರು 'ಫೋಟೋದವರು', ಇಬ್ಬರು 'ವಿಡಿಯೋದವರು', ಮೇಲೊಂದು ಡ್ರೋನು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳಿಂದಲೂ ಕರೆ ಬರುವ ಹುಡುಗನವನು. ಗಿರಾಕಿಗಳು ಚಿತ್ರಗಳನ್ನು ಒಯ್ಯುವುದಕ್ಕೆ ತರುವ ಪೆನ್‌ಡ್ರೈವುಗಳಾದರೋ ಊರೂರಿನ ಝೆರಾಕ್ಸ್ ಅಂಗಡಿಗಳ ನೀರು ಕುಡಿದು ಬಂದವು. ಚುಚ್ಚಿದ ಕೂಡಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಾಣಿಸುವ ಆ ಪುರಾತನ ವ್ಯಾಧಿ ಇಲ್ಲಿ ಇನ್ನೂ ಆರೋಗ್ಯದಿಂದಿದೆ. ಸುತ್ತಲಿನ ಅಂಗಡಿಗಳ ಗಣಕಗಳಿಗೆ ಹೆಚ್ಚಾಗಿ ಕ್ವಿಕ್ ಹೀಲ್ ಆಂಟಿವೈರಸ್ಸೇ ಕಾವಲು. ಅದು ನಮಗೆ ಬಹುದೂರದ್ದೂ ಅಲ್ಲ. ಸಾತಾರಾ ಜಿಲ್ಲೆಯ ರಹಿಮತ್‌ಪುರದಿಂದ ಬಂದು, ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ದುರಸ್ತಿಯಿಂದ ಆರಂಭಿಸಿದ ಕೈಲಾಶ್ ಕಾಟಕರರೂ ಅವರ ತಮ್ಮ ಸಂಜಯರೂ ಕಟ್ಟಿದ ಕಂಪನಿಯದು. ಗಣಕಗಳ ಮಟ್ಟಿಗೆ ಹುಡುಗನಿಗೆ ಅದು ಸಾಕಾಗಿದ್ದಿತು. ಆದರೆ ಎಲ್ಲರೂ ಕೈಹಾಕುವ ಉಗ್ರಾಣ?

ಅವನಲ್ಲಿದ್ದ ಒಂದು ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿ, ಎರಡು ಡಿಸ್ಕುಗಳನ್ನು ಜೋಡಿಸಿ, ಸಾಂಬಾ ಎಂಬ ಉಚಿತ ತಂತ್ರಾಂಶದಿಂದ ಅದನ್ನೇ ಉಗ್ರಾಣವನ್ನಾಗಿ ಮಾಡಿದೆವು. ಸಾಂಬಾದಲ್ಲಿ ವೈರಸ್‌ಫಿಲ್ಟರ್ ಎಂಬ ಉಪಾಂಗವುಂಟು. ಕಡತವನ್ನು ತೆರೆಯುವಾಗ ಅದು ಕ್ಲ್ಯಾಮ್‌ಎವಿ ಎಂಬ, ಅದೂ ಉಚಿತವಾದ, ಪರೀಕ್ಷಕನನ್ನು ಕೇಳುತ್ತದೆ. ಪರೀಕ್ಷಕನಿಗೆ ಬೇರೆ ಸರ್ವರು ಕೊಡುವಷ್ಟು ಅನುಕೂಲ ನಮಗಿಲ್ಲವಾದುದರಿಂದ ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಎರಡು ಬೇರೆ ಬೇರೆ ಜೀವಗಳಾಗಿ ಇದ್ದುಕೊಂಡರು. ಎಲ್ಲವನ್ನೂ ಜೋಡಿಸಿದ ಮೇಲೆ ಆ ಉಪಾಂಗದ ಕೈಪಿಡಿಯನ್ನು ಓದುತ್ತ ಹೋದವನು ಒಂದು ಸಾಲಿನಲ್ಲಿ ನಿಂತುಬಿಟ್ಟೆನು. ಪರೀಕ್ಷೆಯಲ್ಲಿ ದೋಷ ಸಂಭವಿಸಿದರೆ ಪ್ರವೇಶವನ್ನು ತಡೆಯಬೇಕೇ ಎಂಬ ಗುರುತು. ನಾವಾಗಿ ಹಾಕದಿದ್ದರೆ, ತಡೆಯಬೇಡವೆಂದೇ ಅದರ ಅರ್ಥ. ಬೆಂಗಳೂರಿನಲ್ಲಿ ಅಷ್ಟು ಸಭೆಗಳಿಗೆ ಕಾರಣವಾದ ಅದೇ ಗುರುತು ನಮ್ಮ ಅಥಣಿಯ ಸ್ಟುಡಿಯೋದ ಹಿಂಬದಿಯ ಕತ್ತಲೆಕೋಣೆಗೆ ನನ್ನನ್ನು ಹುಡುಕಿಕೊಂಡು ಬಂದಿದ್ದಿತು. ತಡೆ ಎಂದು ಬರೆದೆನು.

ಎಂಟು ದಿನಗಳೂ ಆಗಿರಲಿಕ್ಕಿಲ್ಲ, ಹುಡುಗನ ಫೋನು ಬಂದಿತು. "ಮಾಮಾ, ಒಂದ್ ಫೋಟೋನೂ ತಗೀವಲ್ದು, ಗಿರಾಕಿ ಮುಂದ್ ಕುಂತಾರ." ಹೋಗಿ ನೋಡಿದರೆ ಪರೀಕ್ಷಕನು ಸತ್ತಿದ್ದನು. ಕ್ಲ್ಯಾಮ್‌ಎವಿಯು ತನ್ನ ಲಕ್ಷಣಪಟ್ಟಿಯನ್ನೆಲ್ಲ ಸ್ಮೃತಿಯಲ್ಲಿ ತುಂಬಿಕೊಳ್ಳುವುದಕ್ಕೆ ಒಂದು ಗಿಗಾಬೈಟಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆ ಹಳೆಯ ಗಣಕದಲ್ಲಿ ಇದ್ದುದೇ ಎರಡು. ಸ್ಮೃತಿ ತೀರಿದಾಗ ಲಿನಕ್ಸು ಹೆಚ್ಚು ಉಣ್ಣುವವನನ್ನು ಆರಿಸಿ ಕೊಲ್ಲುತ್ತದೆ. ಗುರುತನ್ನು ಇದ್ದ ಹಾಗೆಯೇ ಬಿಟ್ಟಿದ್ದರೆ ಅವನು ಸತ್ತದ್ದು ಅಂಗಡಿಯಲ್ಲಿ ಯಾರಿಗೂ ತಿಳಿಯುತ್ತಲೇ ಇರಲಿಲ್ಲ, ತಿಂಗಳುಗಟ್ಟಲೆ ಉಗ್ರಾಣವು ಕಾವಲಿಲ್ಲದೆ ನಡೆಯುತ್ತಿದ್ದಿತು ಎಂದು ನಾನು ವಿವರಿಸಿದೆನು. ಅವನು ತಾಳ್ಮೆಯಿಂದ ಕೇಳಿಕೊಂಡು, "ಖರೆ ಐತ್ರಿ ಮಾಮಾ, ಆದ್ರ ಲಗ್ನದ ಸೀಜನ್‌ದಾಗ ಬಾಗಲಾ ಹಾಕಿದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗ್ತಾರ್ರಿ" ಎಂದನು. ಬೆಂಗಳೂರಿನ ಸಭೆಗಳಲ್ಲಿ ಇದೇ ಮಾತನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಕೊನೆಗೆ ಉಗ್ರಾಣವನ್ನು ಎರಡು ಭಾಗ ಮಾಡಿದೆವು. ಸಾಂಬಾದಲ್ಲಿ ಪ್ರತಿಯೊಂದು ಭಾಗಕ್ಕೂ ಬೇರೆ ನಿಯಮ ವಿಧಿಸಬಹುದು. ಸ್ವಂತ ಕ್ಯಾಮೆರಾಗಳಿಂದ ಬಂದ ಚಿತ್ರಗಳು ಇರುವ ಭಾಗಕ್ಕೆ, ಪರೀಕ್ಷಕನಿಲ್ಲದಿದ್ದರೂ ಬಾಗಿಲು ತೆರೆದಿರಲಿ. ಹೊರಗಿನ ಪೆನ್‌ಡ್ರೈವಿನಿಂದ ಬಂದದ್ದೆಲ್ಲ ಇಳಿಯುವ ಭಾಗಕ್ಕೆ ಮಾತ್ರ ತಡೆ. ದಿನಕ್ಕೊಂದು ಪ್ರತಿಯನ್ನು ಮೂರನೆಯ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಬಿಡಿಸಿ ಮನೆಗೆ ಒಯ್ಯಬೇಕೆಂಬ ಕರಾರನ್ನೂ ಅವನಿಂದ ಬರೆಯಿಸಿಕೊಂಡೆನು. ಅದನ್ನು ಅವನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿರುವನೆಂದು ಕೇಳುವ ಧೈರ್ಯ ನನಗಿಲ್ಲ. ಮರುವಾರ ಮೀರಜಿನಿಂದ ನಾಲ್ಕು ಗಿಗಾಬೈಟಿನ ಸ್ಮೃತಿಯನ್ನು ತಂದು ಹಾಕಿದ ಮೇಲೆ ಪರೀಕ್ಷಕನು ಸತ್ತಿಲ್ಲ. ಅಂದಿನಿಂದ ಹುಡುಗನು ಕಂಡಾಗಲೆಲ್ಲ ಒಂದೇ ವಾದ: ಸಾಯುವುದೇ ಇಲ್ಲವಾದ ಮೇಲೆ ಆ ಒಂದು ಭಾಗಕ್ಕೆ ಮಾತ್ರ ತಡೆಯೇಕೆ, ಅದನ್ನೂ ತೆಗೆದುಬಿಡೋಣ. ನಾನಿನ್ನೂ ಒಪ್ಪಿಲ್ಲ, ಆದರೆ ಗುಪ್ತಪದವು ಅವನಿಗೂ ಗೊತ್ತಿದೆ.